ಅಕ್ಕಿಯ ಅಳತೆ

ಇಪ್ಪತ್ತೆರಡು ವರ್ಷ ಇತಗುಯಿಯ ಈ ಕಾರ್ಖಾನೆಯಲ್ಲಿ
ಬೇರೆಯವರ ಎದೆಗೆ ಬಟ್ಟಲು ಹೊಲಿದವಳು ನಾನು, ಯೋರ್ಲಾಡಿಸ್.
ಮೂವತ್ತನಾಲ್ಕು ಬಿ, ಮೂವತ್ತಾರು ಸಿ, ಮೂವತ್ತೆಂಟು ಡಿ.
ಕಣ್ಣು ಕಟ್ಟಿ ಕೊಟ್ಟರೂ ಬೆರಳು ಹೇಳುತ್ತದೆ.
ನನ್ನದಕ್ಕೆ ಮಾತ್ರ
ತಿರಸ್ಕಾರದ ಮಾಲಿನ ಬುಟ್ಟಿಯಿಂದ ಎರಡು ಸ್ಪಂಜಿನ ಚೂರು
ಯಾರೂ ಕಾಣದಂತೆ ಎತ್ತಿ ತುರುಕಿಕೊಂಡು
ಸಂಜೆಯ ಮೆಟ್ರೋ ಹಿಡಿಯುತ್ತಿದ್ದೆ.

ಡಾಕ್ಟರ್ ಎಚೆವೆರ್ರಿ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು.
ದುಂಡಗಿನದೋ, ಹನಿಯಂತೆ ಇಳಿದದ್ದೋ?
ಸಿಲಿಕೋನೋ, ಉಪ್ಪುನೀರೋ?
ಸ್ನಾಯುವಿನ ಮೇಲೋ, ಅಡಿಯಲ್ಲೋ?
ಬಾಯಿ ಎಲ್ಲಿ ತೆರೆಯಲಿ,
ಮೊಲೆಯಡಿಯ ಮಡಿಕೆಯಲ್ಲೋ, ತೊಟ್ಟಿನಂಚಿನಲ್ಲೋ, ಕಂಕುಳಲ್ಲೋ?
ಸಂತೆಯಲ್ಲಿ ಮಾವು ಒತ್ತಿದ ಹಾಗೆ ಒತ್ತಿ ನೋಡಿದೆ.
ಅದುಮಿದ್ದು ಮತ್ತೆ ಎದ್ದು ಕೂತಿತು, ನಾಚಿಕೆಯಿಲ್ಲದ್ದು.

ಹೊಲಿಗೆಯವಳು ಕೇಳುವುದನ್ನೇ ಕೇಳಿದೆ:
"ಒಳಗೆ ಯಾವ ದಾರ?"
"ಕರಗುವ ದಾರ," ಅಂದರು.
ಕರಗುವ ದಾರದಲ್ಲಿ ನಾನು ಈವರೆಗೆ ಏನೂ ಹೊಲಿದಿಲ್ಲ.

"ಸ್ಪರ್ಶ ಹೋಗಬಹುದು, ಹೋದದ್ದು ಬರಲೂಬಹುದು.
ಹತ್ತೋ ಹದಿನೈದೋ ವರ್ಷಕ್ಕೆ
ಮತ್ತೆ ಬಿಚ್ಚಬೇಕಾದೀತು."
ಅದು ನನಗೆ ಅರ್ಥವಾಯಿತು.
ಯಾವ ಬಟ್ಟೆ ತಾನೇ ಒಂದೇ ಹೊಲಿಗೆಯಲ್ಲಿ ಬಾಳುತ್ತದೆ?

ಅಳತೆ ತೋಚದಿದ್ದರೆ, ಅಂದಳು ನರ್ಸು,
ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಒಂದು ವಾರ ಹೊತ್ತು ನೋಡಿ.

ಸೋಮವಾರ ಇನ್ನೂರ ಎಪ್ಪತ್ತೈದು.
ಔಷಧದ ಲೋಟದಲ್ಲಿ ಅಳೆದು, ಗಂಟು ಹಾಕಿ, ಎದೆಗಿಟ್ಟುಕೊಂಡೆ.
ಹೆಜ್ಜೆಗೊಮ್ಮೆ ಸರಸರ, ಮರಳಿನ ಮೇಲೆ ಯಾರೋ ನಡೆದ ಹಾಗೆ.
ಬುಧವಾರ ಮುನ್ನೂರ ಇಪ್ಪತ್ತೈದು.
ಸಾನ್ ಆಂತೋನಿಯೊ ನಿಲ್ದಾಣದಲ್ಲಿ ರೈಲು ಬದಲಿಸುವಾಗ
ಚೀಲ ಎಲ್ಲೋ ಸವೆದು ನಾಲ್ಕು ಕಾಳು ಉದುರಿದವು.
ಹಿಂದಿದ್ದ ಮುದುಕ ನೆಲ ನೋಡಿದ, ನನ್ನ ನೋಡಿದ,
ಟೋಪಿ ತೆಗೆದು ಸುಮ್ಮನಾದ.

ನೂಬಿಯಾ, ನನ್ನಕ್ಕ: "ಕೊಡೋ ದುಡ್ಡು ಒಂದೇ ಅಂದಮೇಲೆ
ದೊಡ್ಡದೇ ಇರಲಿ ಬಿಡೇ!"
ಅಮ್ಮ: "ನಿನ್ನ ಹಾಲು ಕುಡಿದ ಇಬ್ಬರು
ಏನಾದರೂ ದೂರು ಕೊಟ್ಟಿದ್ದಾರಾ?"
ವಿಲ್ಮಾರ್ ಫುಟ್ಬಾಲಿನಿಂದ ಕಣ್ಣು ಕೀಳದೆ, "ನಿನ್ನಿಷ್ಟ."
ನಿನ್ನಿಷ್ಟ ಅನ್ನುವ ಮಾತಿಗೆ
ಎಷ್ಟು ಸೀಸಿ ಹಿಡಿಸುತ್ತದೆ, ಅದನ್ನು ಯಾವ ಲೋಟವೂ ಹೇಳಲಿಲ್ಲ.

ಅಕ್ಕನ ಮಾತಿಗೆ ಗುರುವಾರ ನಾನೂರು ಹೊತ್ತೆ.
ಬೀದಿ ಒಪ್ಪಿತು. ಕನ್ನಡಿ ಒಪ್ಪಿತು.
ಮೆಶಿನ್ನಿಗೆ ಕೂತರೆ ಸೂಜಿ ಕಾಣಲಿಲ್ಲ.
ಬಟ್ಟಲಿನಂಚು ತಿರುಗುವ ಜಾಗದಲ್ಲಿ
ಕೈ ಒಂದಂಗುಲ ಆಚೆ ಸರಿದು
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ
ನನ್ನ ಹೊಲಿಗೆ ಸೊಟ್ಟ ಬಿತ್ತು.
ಮೇಸ್ತ್ರಿ ಎತ್ತಿ ಹಿಡಿದು ನೋಡಿ ಬುಟ್ಟಿಗೆ ಹಾಕಿದಳು.
ಅದೇ ಬುಟ್ಟಿ.

ಶನಿವಾರ ಎಲ್ಲ ಅಕ್ಕಿ ಪಾತ್ರೆಗೆ ಸುರಿದು ತೊಳೆದೆ.
ಪೌಡರಿನ ವಾಸನೆ ಮೂರು ನೀರಿಗೆ ಬಿಟ್ಟಿತು.
ಅವರೆಲ್ಲ ಉಂಡರು. ಯಾರಿಗೂ ಹೇಳಲಿಲ್ಲ.
ಕಿರಿಯವನು ಎರಡು ಸಲ ಬಡಿಸಿಕೊಂಡ.

ಇನ್ನೂರ ಎಪ್ಪತ್ತೈದು, ದುಂಡು, ಸ್ನಾಯುವಿನಡಿ, ಮಡಿಕೆಯಲ್ಲಿ ಕೊಯ್ತ.
ಫಾರಮಿನಲ್ಲಿ 'ಕಾರಣ' ಎಂಬ ಚೌಕವಿತ್ತು.
ನಿನ್ನಿಷ್ಟ ಎಂದು ಬರೆದೆ.
ಹೊಡೆದು ಹಾಕಿ, ನನ್ನಿಷ್ಟ.
ಹದಿನೆಂಟು ಕಂತಿಗೆ ಸಹಿ.
"ದೊಡ್ಡದು ಬೇಕಿತ್ತು ಅಂತ ಆಮೇಲೆ ಬರುತ್ತಾರೆ ಬಹಳ ಜನ,"
ಡಾಕ್ಟರ್ ಎಚ್ಚರಿಸಿದರು. ನಾನು ಬರಬಹುದು. ನೋಡೋಣ.

ಆರು ವಾರ ಕೈ ಮೇಲೆತ್ತುವಂತಿಲ್ಲ.
ಇವತ್ತು ಸ್ಟೂಲು ಹತ್ತಿ
ಮೇಲಿನ ಗೂಡಿನಿಂದ ಉಪ್ಪಿನ ಡಬ್ಬಿ, ಕಾಫಿ, ದೊಡ್ಡ ಬಾಣಲೆ,
ಬಲ್ಬು, ಮಕ್ಕಳ ಹುಟ್ಟಿದ ಚೀಟಿಗಳ ಲಕೋಟೆ
ಎಲ್ಲವನ್ನೂ ಕೆಳಗಿಳಿಸುತ್ತಿದ್ದೇನೆ,
ಸೊಂಟದೆತ್ತರಕ್ಕೆ,
ನಿಂತಲ್ಲೇ ಸಿಗುವ ಹಾಗೆ.